ಬಾಳವ್ವತ್ತೆಯ ‘ಒಟ್ಟು’

ಬಾಳವ್ವತ್ತೆಯ ಎದುರು ಕುಳಿತು ಯಾರಾದರೂ ಕಷ್ಟಸುಖ ಹೇಳಿಕೊಳ್ಳತೊಡಗಿದರೆ, ಅತ್ತೆಯ ಕೈಗೆ ಒಟ್ಟಲಿಕ್ಕೆ ಏನಾದರೂ ಬೇಕಾಗುತ್ತಿತ್ತು. ಚಹಾ ಕುಡಿದಿಟ್ಟ ಬಶಿಗಳೋ, ತಟ್ಟೆಯಲ್ಲಿ ಉಳಿದ ಶೇಂಗಾ ಸಿಪ್ಪೆಗಳೋ, ಏನೂ ಸಿಗದಿದ್ದರೆ ಅಂಗಳದಲ್ಲಿ ಬಿದ್ದ ಒಡಕು ಗಡಿಗೆಯ ಚೂರುಗಳೋ. ಹೇಳುವವರ ಮುಖದಿಂದ ಕಣ್ಣು ತೆಗೆಯದೆ, ದೊಡ್ಡದನ್ನು ಕೆಳಗೆ, ಚಿಕ್ಕದನ್ನು ಮೇಲೆ ಇಡುತ್ತ ಹೋಗುತ್ತಿದ್ದರು. ನಡುವೆ ಒಂದು ‘ಹೂಂ’ ಇಲ್ಲ, ಒಂದು ‘ಅಯ್ಯೋ’ ಇಲ್ಲ. ಈಕೆ ಕೇಳುತ್ತಿದ್ದಾಳೋ, ಆಡುತ್ತಿದ್ದಾಳೋ ಎಂದು ಹೇಳುವವರಿಗೇ ಅನುಮಾನ ಬರಬೇಕು. ಆದರೆ ಅವರ ಮಾತು ಮುಗಿಯುವುದಕ್ಕೂ ಕೊನೆಯ ಚೂರು ಮೇಲೇರುವುದಕ್ಕೂ ಸರಿಹೋಗುತ್ತಿತ್ತು. ಆಗ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, “ಅಂದ್ರ, ಒಟ್ಟನ್ಯಾಗ…” ಎಂದು ಶುರು ಮಾಡಿ ಒಂದೇ ಒಂದು ಮಾತು ಹೇಳುತ್ತಿದ್ದರು. ಅದಕ್ಕಾಗಿಯೇ ಜನ ಬರುತ್ತಿದ್ದರು.

ಒಮ್ಮೆ ಓಣಿಯ ಸೊಸೆಯೊಬ್ಬಳು ಬಂದು, ತನ್ನ ನಾದಿನಿಗೆ ತವರಿನವರು ಕೊಡಿಸಿದ ಹೊಸ ಮಿಕ್ಸರ್ ಬಗ್ಗೆ ಒಂದು ತಾಸು ದೂರಿದಳು. ಅದರ ಸದ್ದು ಜಾಸ್ತಿ, ಚಟ್ನಿ ಬಿಸಿಯಾಗುತ್ತದೆ, ಕರೆಂಟು ತಿನ್ನುತ್ತದೆ, ಬಣ್ಣ ಕೂಡ ಚೆನ್ನಾಗಿಲ್ಲ. ಅತ್ತೆಯ ಮುಂದೆ ಏಳು ಬಶಿ ಏರಿದ್ದವು. “ಅಂದ್ರ, ಒಟ್ಟನ್ಯಾಗ ನಿನಗ ಮಿಕ್ಸರ್ ಬೇಕಾಗಿಲ್ಲ ಬಿಡವಾ. ‘ನಿನಗೊಂದು ತರ್ಲೇನು’ ಅಂತ ಒಬ್ಬರರೆ ಕೇಳಬೇಕಿತ್ತು.” ಆ ಹುಡುಗಿ ಮುಖ ತಿರುಗಿಸಿ, ಅತ್ತುಬಿಟ್ಟಳು.

ಎಲ್ಲರಿಗೂ ಉತ್ತರ ಅಷ್ಟು ಮೆತ್ತಗೆ ಸಿಗುತ್ತಿರಲಿಲ್ಲ. ಓಟು ಕೇಳಲು ಬಂದ ಒಬ್ಬರು ಕಟ್ಟೆಯ ಮೇಲೆ ಕುಳಿತು ಅರ್ಧ ತಾಸು ಮಾತಾಡಿ ಮುಗಿಸಿದಾಗ ಅತ್ತೆ ಹೇಳಿದ್ದು ಇಷ್ಟು: “ಅಂದ್ರ, ಒಟ್ಟನ್ಯಾಗ ಈ ಸಲಾನೂ ನಳ ಬರೂದಿಲ್ಲ. ಹೋಗ್ಲಿ ಬಿಡ್ರಿ. ಮಾತಾಡಿ ಗಂಟಲಾ ಒಣಗೇತಿ, ನಮ್ಮ ಹರವಿ ನೀರ ಕುಡದ ಹೋಗ್ರಿ.”

ಬಾಳವ್ವತ್ತೆ ನನ್ನ ಗಂಡ ಈರಣ್ಣನ ಸೋದರತ್ತೆ, ನನ್ನ ಮಾವನವರ ತಂಗಿ. ನಮ್ಮ ಮಾವ ಹರೆಯದಲ್ಲೇ ಕುಂಬಾರಿಕೆಯ ತಿಗರಿ ಬಿಟ್ಟು ಬೆಳಗಾವಿಯ ಫೌಂಡ್ರಿ ಸೇರಿದರು. ಅವರ ಹಿಂದೆ ಈರಣ್ಣನೂ ಅದೇ ಕೆಲಸ ಹಿಡಿದರು. ಬಾಳವ್ವತ್ತೆ ಮಾತ್ರ ಖಾನಾಪುರದಲ್ಲಿ ಮಣ್ಣಿನ ಜೊತೆಗೇ ಉಳಿದರು. ತಿಗರಿ ತಿರುಗಿಸುವವನು ಅವರ ಮಗ ಬಸಣ್ಣ. ಆದರೆ ಗಡಿಗೆ, ಹರವಿ, ಪಣತಿಗಳನ್ನು ಸುಡಲಿಕ್ಕೆ ಆವಿಗೆಯಲ್ಲಿ ಒಂದರ ಮೇಲೊಂದು ಜೋಡಿಸುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗದ ಕಾಯಿ, ಮೊಣಕೈವರೆಗೆ ಒಣಗಿದ ಮಣ್ಣು. ಎಷ್ಟು ತಿಕ್ಕಿ ತೊಳೆದರೂ ಪ್ರತಿ ಉಗುರಿನ ಅಂಚಿನಲ್ಲಿ ಒಂದು ತೆಳು ಕೆಂಪು ಗೆರೆ ಉಳಿದೇ ಇರುತ್ತಿತ್ತು. ನಾನು ಮೊದಲ ಸಲ ನೋಡಿದಾಗ ಅದನ್ನು ಮದರಂಗಿ ಎಂದುಕೊಂಡಿದ್ದೆ.

ನನ್ನ ಊರು ಯಾವುದೆಂದು ಕೇಳಿದರೆ ಹೇಳುವುದು ಸ್ವಲ್ಪ ಕಷ್ಟ. ಅಪ್ಪ ತುಮಕೂರು ಕಡೆಯವರು, ರೈಲ್ವೆ ನೌಕರಿ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಬೆಳಗಾವಿಗೆ ಬಂದೆವು, ನನ್ನನ್ನು ಕಾನ್ವೆಂಟಿಗೆ ಹಾಕಿದರು. ಮನೆಯಲ್ಲಿ ತುಮಕೂರಿನ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಬೆರೆತ ಬೆಳಗಾವಿ ಮಾತು. ಮೂರನೆಯದು ನನಗೆ ಕಿವಿಗೆ ಬಂತೇ ಹೊರತು ನಾಲಿಗೆಗೆ ಬರಲಿಲ್ಲ. ನನ್ನ ಹೆಸರು ಸುಮನಾ. ಅತ್ತೆ ಮೊದಲ ದಿನವೇ ಅದನ್ನು ‘ಸುಮ್ನಾ’ ಮಾಡಿದರು. “ಛಲೋ ಹೆಸರಿಟ್ಟಾರ ಬಿಡು. ಸುಮ್ನಾ ಅಂತ ಕರದರ ಖರೇನ ಸುಮ್ಮನ ಕುಂತಿರ್ತಾಳ,” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸುಮ್ಮನೆ ಕುಳಿತು ನೋಡುವುದು ನನ್ನ ಸ್ವಭಾವವೇ.

ನಮ್ಮಿಬ್ಬರ ನಡುವೆ ಒಂದು ಪದ ಬಂದು ಕೂತದ್ದು ಮದುವೆಯಾದ ವರ್ಷವೇ.

ಆ ಮನೆತನದಲ್ಲಿ ಒಂದು ಪದ್ಧತಿಯಿದೆ. ಮಳೆಗಾಲ ಮುಗಿದು ಮೊದಲ ಆವಿಗೆ ಒಟ್ಟುವ ದಿನ, ಮನೆಗೆ ಬಂದ ಹೊಸ ಸೊಸೆ ತಳದ ಗಡಿಗೆ ಇಡಬೇಕು. ಅವಳು ಇಟ್ಟ ಮೇಲೆಯೇ ಉಳಿದವು ಏರುವುದು. ಅತ್ತೆ ಎಂಟು ದಿನ ಮೊದಲೇ ಹೇಳಿ ಕಳಿಸಿದ್ದರು. ನನಗೆಂದು ರವಿಕೆಗೆ ಹೊಸ ಖಣ ತಂದಿಟ್ಟಿದ್ದರಂತೆ, ಓಣಿಯ ಹೆಂಗಸರನ್ನು ಕರೆದಿದ್ದರಂತೆ. ಆ ದಿನ ಬೆಳಿಗ್ಗೆ ಈರಣ್ಣನಿಗೆ ಫೌಂಡ್ರಿಯಿಂದ ಕರೆ ಬಂತು. ಪಾಳಿ ಮುಗಿಸಿ ಸಂಜೆಗೆ ಬರುತ್ತೇನೆ, ನೀನು ಬಸ್ಸಿಗೆ ಹೋಗಿರು ಎಂದರು. ನಾನು ಅತ್ತೆಗೆ ಫೋನು ಮಾಡಿದೆ. ಖಾನಾಪುರದ ಆ ಓಣಿಯಲ್ಲಿ ಆಗ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

“ಅತ್ತೆ, ನಾವು ಒಟ್ಟಿಗೆ ಬರೋದಿಲ್ಲ…” ಎಂದೆ. ‘ನಾನು ಮೊದಲು ಬರ್ತೀನಿ, ಅವರು ಸಂಜೆಗೆ ಬರ್ತಾರೆ’ ಎಂದು ಮುಂದುವರಿಸುವಷ್ಟರಲ್ಲಿ ಫೋನು ಸತ್ತಿತ್ತು. ಹೇಗೂ ಹೋಗುತ್ತಿದ್ದೇನಲ್ಲ ಎಂದು ಬಸ್ಸು ಹತ್ತಿದೆ.

ನಾನು ಹೋಗಿ ಮುಟ್ಟಿದಾಗ ಆವಿಗೆಯ ಮೇಲೆ ಹುಲ್ಲು ಮುಚ್ಚಿ, ಮಣ್ಣು ಮೆತ್ತಿ ಆಗಿತ್ತು. ಸಂದುಗಳಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ತಳದ ಗಡಿಗೆಯನ್ನು ಪಕ್ಕದ ಮನೆಯ ಮಾಲಾಬಾಯಿಯ ಸೊಸೆಯ ಕೈಯಿಂದ ಇಡಿಸಿದ್ದರು. ಆ ಖಣ ಅವಳ ಉಡಿಯಲ್ಲಿತ್ತು.

“ಬಂದಿ?” ಎಂದರು ಅತ್ತೆ.

“ಬಂದೆ ಅತ್ತೆ.”

“ಒಟ್ಟ ಬರೂದಿಲ್ಲ ಅಂದಿದ್ದೆಲ್ಲ?”

“ಇಲ್ಲ ಅತ್ತೆ, ನಾನು ಹಾಗೆ ಹೇಳಲಿಲ್ಲ.”

“ಹಂಗಾರ ನನ್ನ ಕಿವಿ ಏನ ಮಂದೀಗಿ ಎರವಲಾ ಕೊಟ್ಟಿದ್ನೇನು?”

ಆಗ ನನಗೆ ಗೊತ್ತಿರಲಿಲ್ಲ, ಆ ಕಡೆಯ ಮಾತಿನಲ್ಲಿ ‘ಒಟ್ಟ’ ಎಂದರೆ ‘ಖಂಡಿತ’ ಎಂದು, ‘ಒಂದು ಚೂರೂ’ ಎಂದು. ‘ಒಟ್ಟ ಉಣ್ಣೂದಿಲ್ಲ’ ಎಂದರೆ ತುತ್ತೂ ಉಣ್ಣುವುದಿಲ್ಲ. ‘ಒಟ್ಟ ಬರೂದಿಲ್ಲ’ ಎಂದರೆ ಹೊಸ್ತಿಲು ಕೂಡ ತುಳಿಯುವುದಿಲ್ಲ. ನಾವು ‘ಒಟ್ಟಿಗೆ’ ಎನ್ನುವ ಕಡೆ ಅವರು ‘ಕೂಡಿ’ ಎನ್ನುತ್ತಾರೆ. ನಾನು ಹೇಳಿದ್ದು ಒಂದು, ಅವರು ಕೇಳಿದ್ದು ಒಂದು, ಇಬ್ಬರದೂ ಸುಳ್ಳಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತ ರೀತಿಯಲ್ಲಿ ತಲೆ ತಗ್ಗಿಸಿ “ಕ್ಷಮಿಸಿ” ಎಂದೆ. ಅದು ತಪ್ಪೊಪ್ಪಿಗೆಯಂತೆ ಕೇಳಿ ಎಲ್ಲವೂ ಇನ್ನಷ್ಟು ಕೆಟ್ಟಿತು.

ಮುಂದಿನ ಎಂಟು ತಿಂಗಳು ಅತ್ತೆ ನನ್ನೊಡನೆ ನೇರವಾಗಿ ಮಾತಾಡಲಿಲ್ಲ. ಹೋದರೆ ಊಟ, ಚಹಾ ಎಲ್ಲ ಆಗುತ್ತಿತ್ತು. ಆದರೆ, “ಈರ್ಯಾ, ನಿನ್ನ ಹೇಣ್ತಿ ಇನ್ನೊಂದ ರೊಟ್ಟಿ ಹಾಕ್ಕೋತಾಳೇನ ಕೇಳು,” ಎಂದು ಮಧ್ಯದಲ್ಲಿ ಈರಣ್ಣನನ್ನು ಇಟ್ಟುಕೊಂಡೇ ಮಾತು. ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆಯದೇ. ನಾನು ಮಾತಾಡುವಾಗ ಅತ್ತೆಯ ಕೈ ಸುಮ್ಮನಿರುತ್ತಿತ್ತು. ಮುಂದೆ ಬಶಿಗಳಿದ್ದರೂ ಮುಟ್ಟುತ್ತಿರಲಿಲ್ಲ.

ಗಂಟು ಬಿಚ್ಚಿದ್ದು ಬೆಳಗಾವಿಯಲ್ಲಿ, ನೆಂಟರ ಮದುವೆಯಲ್ಲಿ. ಈರಣ್ಣನ ಅಕ್ಕನ ಇಬ್ಬರು ಹುಡುಗಿಯರು ಊಟದ ಮನೆಯ ಬಾಗಿಲಲ್ಲಿ ಜಗಳಾಡುತ್ತ ನಿಂತಿದ್ದರು. ನಾನು ಅವರಿಗೆ, “ಜಗಳ ಬೇಡ, ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತ್ಕೊಳ್ಳಿ,” ಎಂದೆ. ಅವರು ಕೈ ಹಿಡಿದುಕೊಂಡು ಹೋಗಿ ಅಕ್ಕಪಕ್ಕ ಕುಳಿತರು. ಹಿಂದಿನಿಂದ ಒಂದು ದನಿ ಬಂತು.

“ಏನಂದಿ? ಇನ್ನೊಮ್ಮಿ ಅನ್ನು.”

ತಿರುಗಿದರೆ ಬಾಳವ್ವತ್ತೆ. ಕೈಯಲ್ಲಿ ಅರ್ಧ ಕಚ್ಚಿದ ಲಾಡು.

“ಒಟ್ಟಿಗೆ ಕೂತ್ಕೊಳ್ಳಿ ಅಂದೆ ಅತ್ತೆ.”

“ಒಟ್ಟಿಗೆ ಅಂದ್ರ ಕೂಡೇನು? ಇಬ್ಬರೂ ಕೂಡಿ?”

“ಹೌದು ಅತ್ತೆ.”

ಅವರು ಲಾಡನ್ನು ಎಡಗೈಗೆ ದಾಟಿಸಿದರು. ಕಣ್ಣು ಕಿರಿದು ಮಾಡಿ ನನ್ನ ಬಾಯಿಯನ್ನೇ ನೋಡಿದರು, ಅದರೊಳಗೆ ಇನ್ನೂ ಏನೇನಿದೆಯೋ ಎಂಬಂತೆ. “ಅಂದ್ರ ಆವತ್ತ ಫೋನಿನ್ಯಾಗ… ಕೂಡಿ ಬರೂದಿಲ್ಲ ಅಂದ್ಯಾ? ಹಿಂದ ಮುಂದ ಬರ್ತೀವಿ ಅಂತ?”

ನಾನು ತಲೆಯಾಡಿಸಿದೆ. ಅತ್ತೆ ನಗತೊಡಗಿದರು. ಲಾಡಿನ ಪುಡಿ ಸೆರಗಿನ ಮೇಲೆಲ್ಲ ಚೆಲ್ಲಿತು. “ಅಯ್ಯ ನನ ಶಿವನ! ಒಂದ ‘ಗೆ’ ಸಲುವಾಗಿ ಎಂಟ ತಿಂಗಳ ಹೋತಲ್ಲವಾ! ಅದನ್ನ ಆವತ್ತ ಬಾಯಿ ಬಿಟ್ಟ ಹೇಳಾಕ ನಿನಗೇನಾಗಿತ್ತ? ಸುಮ್ನಾ ಅಂತ ಹೆಸರಿಟ್ಟಾರಂತ ಸುಮ್ಮನ ಕುಂದರೂದೇನು?” ಅಲ್ಲೇ ಕುರ್ಚಿ ಎಳೆದು ನನ್ನನ್ನು ಕೂರಿಸಿಕೊಂಡು, ಮೊದಲಿನಿಂದ ಹೇಳು ಎಂದರು. ನಾನು ಹೇಳುತ್ತಿದ್ದಂತೆ, ಪಕ್ಕದ ಟೇಬಲ್ಲಿನ ಖಾಲಿ ದೊನ್ನೆಗಳು ಅವರ ಕೈಯಲ್ಲಿ ಒಂದರ ಮೇಲೊಂದು ಏರತೊಡಗಿದವು.

ಆ ವರ್ಷ ಮಳೆ ನಿಂತ ಮೇಲೆ ತಳದ ಗಡಿಗೆ ನಾನಿಟ್ಟೆ. ಹೊಸ ಖಣವೂ ಬಂತು. ಹೊಸ ಸೊಸೆ ಹಳೆಯವಳಾದಳಲ್ಲ ಎಂದು ಯಾರೋ ತಮಾಷೆ ಮಾಡಿದರು. “ಎಂಟ ತಿಂಗಳ ಲೆಕ್ಕಕ್ಕಿಲ್ಲ,” ಎಂದರು ಅತ್ತೆ.

ಅಂದು ಅವರು ಗಡಿಗೆಗಳನ್ನು ಜೋಡಿಸುವುದನ್ನು ಹತ್ತಿರದಿಂದ ನೋಡಿದೆ. ನಾನು ಅಲ್ಲಿಯವರೆಗೆ ಒಟ್ಟು ಎಂದರೆ ಲೆಕ್ಕದ ಕೊನೆಯಲ್ಲಿ ಗೆರೆ ಎಳೆದು ಬರೆಯುವ ಅಂಕಿ ಎಂದುಕೊಂಡವಳು. ಅತ್ತೆಗೆ ಅದು ಕೈಕೆಲಸ. ಬಣವೆ ಒಟ್ಟುತ್ತಾರೆ, ಕುಳ್ಳು ಒಟ್ಟುತ್ತಾರೆ, ಕಟ್ಟಿಗೆ ಒಟ್ಟುತ್ತಾರೆ, ಆವಿಗೆ ಒಟ್ಟುತ್ತಾರೆ. “ಒಟ್ಟೂದಂದ್ರ ಗುಂಪಿ ಹಾಕೂದಲ್ಲ. ಗುಂಪಿ ನಾಯೀನೂ ಹಾಕತೈತಿ,” ಎನ್ನುತ್ತಿದ್ದರು. ನಾನಿಟ್ಟ ಗಡಿಗೆಯ ಸುತ್ತ ತಳಕ್ಕೆ ಭಾರದ ಹರವಿ, ಬಾಯಿ ಕೆಳಗೆ ಮಾಡಿ. ಅದರ ಹೆಗಲ ಮೇಲೆ ಗಡಿಗೆ. ಸಂದಿಯಲ್ಲಿ ಕುಡಿಕೆ. ಎಲ್ಲಕ್ಕಿಂತ ಮೇಲೆ ಪಣತಿ. ಒಡೆದ ಚೂರುಗಳನ್ನೂ ಎಸೆಯುವುದಿಲ್ಲ. ಅವನ್ನು ಎಲ್ಲದರ ಮೇಲೆ ಮುಚ್ಚಿ ಅದರ ಮೇಲೆ ಮಣ್ಣು. “ಕೆಳಗಿಂದು ಮ್ಯಾಲಿಂದರ ಭಾರ ಹೊರಬೇಕು, ಮ್ಯಾಲಿಂದು ಕೆಳಗಿಂದಕ್ಕ ಉರಿ ಬಿಡಬೇಕು. ಮಾತೂ ಹಂಗ.”

ನನಗೆ ಶಾಲೆ ನೆನಪಾಯಿತು. ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರು ಒಂದು ಪುಟದ ಪಾಠ ಕೊಟ್ಟು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯಲು ಹೇಳುತ್ತಿದ್ದರು. ಉದಾಹರಣೆಗಳು, ಹೆಸರುಗಳು, ಯಾರೋ ಆಡಿದ ಮಾತುಗಳು, ಎಲ್ಲಕ್ಕೂ ಕೆಂಪು ಪೆನ್ಸಿಲ್ಲಿನಿಂದ ಗೀಟು. ನನಗೆ ಅದರಲ್ಲಿ ಯಾವಾಗಲೂ ಒಳ್ಳೆಯ ಅಂಕ. ಆದರೂ ಗೀಟು ಹೊಡೆದ ಸಾಲುಗಳೇ ನನಗೆ ಹೆಚ್ಚು ಇಷ್ಟವಾಗುತ್ತಿದ್ದವು ಎಂದು ಅತ್ತೆಗೆ ಹೇಳಿದೆ. ಅವರಿಗೆ ಈ ವಿಷಯ ವಿಚಿತ್ರವೆನಿಸಿತು. “ತಗದ ಒಗದಿಂದ ಉಳಿದಿದ್ದಕ್ಕ ಒಟ್ಟು ಅಂತಾರ? ಅದು ಕಳಿಯೂ ಲೆಕ್ಕ ಆತಲ್ಲವಾ!”

ಅವರ ಪಕ್ಕದ ಮನೆಯ ಮಾಲಾಬಾಯಿ ಮರಾಠಿಯವರು. ಇಬ್ಬರೂ ಐವತ್ತು ವರ್ಷಗಳಿಂದ ಗೋಡೆಯ ಆಚೆಗೂ ಈಚೆಗೂ ನಿಂತು, ಒಬ್ಬರು ಮರಾಠಿಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಜಗಳಾಡಿಕೊಂಡು ಬಂದವರು. ಮಾಲಾಬಾಯಿಗೆ ತಾಳ್ಮೆ ಕಡಿಮೆ. ಯಾರಾದರೂ ಉದ್ದ ಮಾತಾಡಿದರೆ ನಡುವೆಯೇ “ಏಕೂಣ ಕಾಯ್? ಏಕೂಣ ಕಾಯ್?” ಎಂದು ಕೈ ಆಡಿಸುತ್ತಿದ್ದರು. ‘ಒಟ್ಟಾರೆ ಏನು, ಅದನ್ನು ಹೇಳು’ ಎಂದು. ಅದಕ್ಕೆ ಅತ್ತೆಯ ಉತ್ತರ ಸಿದ್ಧವಿರುತ್ತಿತ್ತು: “ಮಾಲಾ, ಮೊದಲ ಐಕೂನ್, ಆಮ್ಯಾಲ ಏಕೂಣ!” ಐಕೂನ್ ಎಂದರೆ ಮರಾಠಿಯಲ್ಲಿ ‘ಕೇಳಿಕೊಂಡು’. ಮೊದಲು ಕೇಳು, ಆಮೇಲೆ ಕೂಡಿಸು. ಆ ಎರಡು ಮರಾಠಿ ಪದಗಳನ್ನು ಹೀಗೆ ಕನ್ನಡದ ದಾರದಲ್ಲಿ ಪೋಣಿಸಿದ್ದಕ್ಕೆ ಮಾಲಾಬಾಯಿ ಪ್ರತಿ ಸಲವೂ ಬೈಯುತ್ತಿದ್ದರು, ಪ್ರತಿ ಸಲವೂ ನಗುತ್ತಿದ್ದರು.

ಹೀಗೆ ಆ ಒಂದು ಪದ ನಮ್ಮಿಬ್ಬರ ಆಟವಾಯಿತು. ಅದು ಎಲ್ಲೆಲ್ಲಿ ಸಿಕ್ಕುತ್ತದೋ ನೋಡಿಕೊಂಡು ಒಬ್ಬರಿಗೊಬ್ಬರು ವರದಿ ಒಪ್ಪಿಸುವುದು. ಪತ್ರಿಕೆಯಲ್ಲಿ ‘ಒಟ್ಟು ಮೊತ್ತ’ ಎಂದು ಬಂದಿದೆ ಎಂದು ನಾನು ಓದಿ ಹೇಳಿದರೆ, “ಮೊತ್ತ ಅಂದರೂ ಅದ ಅಲ್ಲೇನು? ಅಂಗಿ ಮ್ಯಾಲ ಅಂಗಿ ಯಾಕ ಹಾಕ್ಕೊಂಡೈತಿ, ಥಂಡಿ ಆಗೇತೇನು?” ಎಂದರು. ಇನ್ನೊಂದು ದಿನ ಅವರೇ ಫೋನು ಮಾಡಿ, “ಸುಮ್ನಾ, ಒಂದ ಸಿಕ್ಕೈತಿ ನೋಡು. ‘ಒಟ್ಟ’ ಅಂದಿಂದ ನಮ್ಮ ಮಂದಿ ಇಲ್ಲ, ಬ್ಯಾಡ, ಒಲ್ಲೆ ಇಷ್ಟ ಅಂತಾರ. ‘ಒಟ್ಟ ಬರ್ತೀನಿ’ ಅಂತ ಒಬ್ಬರೂ ಅನ್ನೂದಿಲ್ಲ. ಅದ್ಯಾಕ?” ಎಂದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. “ಇರ್ಲಿ, ವಿಚಾರ ಮಾಡು,” ಎಂದು ಫೋನಿಟ್ಟರು. ನಾನು ಅನ್ನಕ್ಕೆ ಇಟ್ಟು ಅದನ್ನೇ ಯೋಚಿಸುತ್ತ ಕುಳಿತು ಅನ್ನ ಸೀಯಿಸಿದೆ.

ಒಮ್ಮೆ ಅವರು ನಮ್ಮ ಮನೆಯಲ್ಲಿದ್ದಾಗ ಅಪ್ಪನ ಸಂದೇಶ ಬಂತು. ನಿವೃತ್ತಿಯ ನಂತರ ಅಪ್ಪ ಅಮ್ಮ ತುಮಕೂರಿಗೆ ಹಿಂತಿರುಗಿದ್ದರು. ಅಪ್ಪ ಮೊಬೈಲಿನಲ್ಲೂ ಪತ್ರದ ಹಾಗೆಯೇ ಬರೆಯುತ್ತಾರೆ. ಮಳೆ, ಮಾವಿನಕಾಯಿ, ಅಮ್ಮನ ಕನ್ನಡಕ, ಕೊನೆಗೆ ‘ಒಟ್ಟಿನಲ್ಲಿ ಎಲ್ಲರೂ ಕ್ಷೇಮ’. ನಾನು ಗಟ್ಟಿಯಾಗಿ ಓದಿದೆ. ಅತ್ತೆ ಹೀರೇಕಾಯಿ ಹೆಚ್ಚುತ್ತಿದ್ದವರು ಈಳಿಗೆಯ ಮೇಲೆ ಕೈ ನಿಲ್ಲಿಸಿದರು.

“ಯಾವಾಗೂ ಹಿಂಗ ಬರೀತಾರೇನು, ಒಟ್ಟಿನಲ್ಲಿ ಅಂತ?”

ನೆನೆದುಕೊಂಡೆ. “ಇಲ್ಲ ಅತ್ತೆ. ‘ನಾವು ಕ್ಷೇಮ’ ಅಂತ ಬರೀತಾರೆ.”

“ಹಂಗಾರ ನಿಮ್ಮಪ್ಪಗ ಫೋನ್ ಹಚ್ಚು. ಒಟ್ಟಿನಲ್ಲಿ ಕ್ಷೇಮ ಅಂದ್ರ ಒಳಗ ಒಂದ ಗಡಗಿ ಸೀಳೈತಿ.”

ಹಚ್ಚಿದೆ. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡು ನಾಲ್ಕು ದಿನವಾಗಿತ್ತು.

ಹೋದ ವರ್ಷ ಮಳೆಗಾಲದ ಕೊನೆಗೆ ಅತ್ತೆಯ ಹೊಟ್ಟೆ ಊದಿಕೊಂಡಿತು. ಕಣ್ಣು ಹಳದಿಯಾಯಿತು. ಬೆಳಗಾವಿಗೆ ಕರೆತಂದೆವು. ನಮ್ಮ ಮನೆ ಇರುವುದು ನೆಹರು ನಗರದಲ್ಲಿ. ದೊಡ್ಡ ಆಸ್ಪತ್ರೆ ಹತ್ತಿರವಿರುವುದರಿಂದ ನೆಂಟರಲ್ಲಿ ಯಾರು ಕಾಯಿಲೆ ಬಿದ್ದರೂ ನನ್ನ ಅಡುಗೆಮನೆಯಲ್ಲಿ ಗಂಜಿ ಬೇಯುತ್ತದೆ. ಹನ್ನೊಂದು ದಿನ ಡಬ್ಬಿ ಹೊತ್ತುಕೊಂಡು ಹೋಗಿ ಬಂದೆ. ಹನ್ನೆರಡನೆಯ ದಿನ ಮನೆಗೆ ಕರೆದುಕೊಂಡು ಹೋಗಿ ಎಂದರು. ನಾಲ್ಕು ಪುಟದ ಡಿಸ್ಚಾರ್ಜ್ ಸಮ್ಮರಿ ನನ್ನ ಕೈಗೆ ಬಂತು.

ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಓದಿದೆ. ಎರಡು ಸಲ ಓದಿದೆ. ಈರಣ್ಣನಿಗೆ ಡಾಕ್ಟರು ಅದಾಗಲೇ ಹೇಳಿದ್ದರು. ಲಿವರ್ ಪೂರ್ತಿ ಸೋತಿದೆ, ಈ ವಯಸ್ಸಿಗೆ ಮಾಡುವಂಥದ್ದು ಏನೂ ಉಳಿದಿಲ್ಲ, ನೋವಾಗದಂತೆ ನೋಡಿಕೊಳ್ಳಿ.

“ಅತ್ತಿಗಿ ಒಟ್ಟ ಹೇಳಬ್ಯಾಡ,” ಎಂದರು ಈರಣ್ಣ. ಕಬ್ಬಿಣ ಕರಗಿಸುವ ಜಾಗದಲ್ಲಿ ಇಪ್ಪತ್ತು ವರ್ಷ ನಿಂತ ಮನುಷ್ಯ. ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಲೇ ಮಾತಾಡಿದರು. “ಗೊತ್ತಾದ್ರ ಧೈರ್ಯಾ ಬಿಡ್ತಾಳ. ಆರಾಮ ಆಗತೈತಿ ಅಂತ ಅನ್ನು. ಒಟ್ಟ ಹೇಳಬ್ಯಾಡ, ನನ್ನ ಮ್ಯಾಲ ಆಣಿ.” ಹೇಳಿ, ಔಷಧಿ ತರಲು ಕೆಳಗೆ ಇಳಿದು ಹೋದರು.

ನಾನು ಒಳಗೆ ಹೋದೆ. ಅತ್ತೆ ದಿಂಬಿಗೆ ಒರಗಿ ಕುಳಿತಿದ್ದರು. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದರು.

“ಏನದು?”

“ಸಮ್ಮರಿ, ಅತ್ತೆ. ಇಷ್ಟು ದಿನ ಏನೇನಾಯಿತು ಅಂತ ಬರೆದುಕೊಡ್ತಾರೆ.”

“ಅಂದ್ರ ಒಟ್ಟು,” ಎಂದರು. ಅವರ ಕಣ್ಣಿನಲ್ಲಿ ಆ ಹಳದಿಯ ಹಿಂದೆಯೂ ಹಳೆಯ ಕುತೂಹಲ ಮಿನುಗಿತು. “ಓದು. ಇಂಗ್ಲೀಷನ್ಯಾಗನ ಓದು. ಮೊದಲ ಐಕೂನ್.”

ಓದಿದೆ. ನಾಲ್ಕು ಪುಟವನ್ನೂ, ರಕ್ತಪರೀಕ್ಷೆಯ ಅಂಕಿಗಳ ಸಮೇತ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಕೈಗಳು ಹಾಸಿಗೆಯ ಮೇಲಿದ್ದ ಗುಳಿಗೆಯ ಪಟ್ಟಿಗಳನ್ನು, ಔಷಧಿಯ ಖಾಲಿ ಡಬ್ಬಿಗಳನ್ನು ಒಟ್ಟುತ್ತಿದ್ದವು. ದೊಡ್ಡದು ಕೆಳಗೆ, ಸಣ್ಣದು ಮೇಲೆ. ನನ್ನ ದನಿ ಮೂರನೆಯ ಪುಟದಲ್ಲಿ ಒಮ್ಮೆ ಒಡೆಯಿತು. ಅವರ ಕೈ ನಿಲ್ಲಲಿಲ್ಲ.

“ಆತು?” ಎಂದರು. “ಈಗ ಒಟ್ಟ ಹೇಳು.”

ಹೊರಗೆ ಒಬ್ಬರು ಒಟ್ಟ ಹೇಳಬೇಡ ಎಂದಿದ್ದರು. ಒಳಗೆ ಒಬ್ಬರು ಒಟ್ಟ ಹೇಳು ಎನ್ನುತ್ತಿದ್ದರು. ಸಿಸ್ಟರು ಕಲಿಸಿದ ವಿದ್ಯೆ ನನಗೆ ಬರುತ್ತಿತ್ತು; ಮೂರನೆಯ ಪುಟಕ್ಕೆ ಕೆಂಪು ಗೀಟು ಹೊಡೆದು ಉಳಿದದ್ದನ್ನು ಹೇಳಿದರೆ ಮುಗಿಯಿತು. ಆದರೆ ಈ ಹೆಂಗಸು ಒಮ್ಮೆ ನನ್ನ ಅರ್ಧ ಮಾತು ಕೇಳಿ ಎಂಟು ತಿಂಗಳು ಕಳೆದುಕೊಂಡಿದ್ದರು. ಅವರ ಹತ್ತಿರ ಈಗ ಎಂಟು ತಿಂಗಳು ಇರಲಿಲ್ಲ.

ತ‍ಳದ್ದನ್ನು ಮೊದಲು ಇಟ್ಟೆ. “ಲಿವರ್ ಸೋತುಬಿಟ್ಟಿದೆ ಅತ್ತೆ. ಅದು ಮತ್ತೆ ಸರಿಯಾಗೋದಿಲ್ಲ.” ಅದರ ಮೇಲೆ ಮುಂದಿನದು. “ಅದಕ್ಕೇ ಇಲ್ಲಿ ಇಟ್ಟುಕೊಂಡು ಪ್ರಯೋಜನ ಇಲ್ಲ ಅಂತ ಮನೆಗೆ ಕಳಿಸ್ತಿದ್ದಾರೆ.” ಅದರ ಮೇಲೆ, “ನೋವಾದರೆ ಔಷಧಿ ಇದೆ. ಉಪ್ಪು ಕಡಿಮೆ ತಿನ್ನಬೇಕು. ಖಾನಾಪುರಕ್ಕೇ ಹೋಗಬಹುದು.” ಇನ್ನೇನಾದರೂ ಹಗುರದ್ದು ಬೇಕಿತ್ತು. ಕಾಗದ ತಿರುವಿದೆ. “ಮತ್ತೆ ಇಲ್ಲಿ ಬರೆದಿದ್ದಾರೆ ಅತ್ತೆ, ಪೇಶಂಟು ಹೇಳಿದ ಮಾತು ಕೇಳ್ತಾರೆ ಅಂತ.”

“ಹೇಳಿದ ಮಾತ ಕೇಳ್ತಾಳ ಅಂತ? ನನಗ?” ಎಂದರು ಅತ್ತೆ. “ಹಂಗಾರ ಉಳಿದಿದ್ದೂ ಸುಳ್ಳ ಇರಬೇಕು ತಗಿ.” ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗಲಾಗಲಿಲ್ಲ.

“ಎಷ್ಟ ದಿನಾ ಅಂತ ಬರದಾರೇನು?”

“ಇಲ್ಲ ಅತ್ತೆ. ಬರೆದಿಲ್ಲ.”

“ಅಂದ್ರ ಅವರಿಗೂ ಗೊತ್ತಿಲ್ಲ,” ಎಂದು ಅವರು ಕೊನೆಯ ಗುಳಿಗೆ ಪಟ್ಟಿಯನ್ನು ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. “ಈರ್ಯಾ ಹೇಳಬ್ಯಾಡ ಅಂದಿರಬೇಕಲ್ಲ? ಏನಂದಾ?”

“ಒಟ್ಟ ಹೇಳಬೇಡ ಅಂದ್ರು.”

“ನೀ ಒಟ್ಟ ಹೇಳಿದಿ. ಅವನ ಮಾತ ಅರ್ಧಾ ನಡಸಿದಂಗಾತು.” ನನ್ನ ಕೈ ಹಿಡಿದುಕೊಂಡರು. ಹನ್ನೊಂದು ದಿನ ಮಣ್ಣು ಮುಟ್ಟದೆಯೂ ಉಗುರಿನ ಕೆಂಪು ಗೆರೆ ಹೋಗಿರಲಿಲ್ಲ. “ನನಗ ಗೊತ್ತೈತಿ ಅಂತ ಅವಗ ಹೇಳಬ್ಯಾಡವಾ. ಗೊತ್ತಿಲ್ಲ ಅನ್ಕೊಂಡ ಅವ ಧೈರ್ಯಾಗಿರ್ಲಿ.”

ಖಾನಾಪುರಕ್ಕೆ ಹೋದ ಮೇಲೆ ಅತ್ತೆ ಬಸಣ್ಣನಿಗೆ ಹೇಳಿದ್ದು ಒಂದೇ: ದೀಪಾವಳಿಯ ಪಣತಿ ಆವಿಗೆ ನಾನೇ ಒಟ್ಟುತ್ತೇನೆ. ಏಳಲಾಗದವರು ಅಂಗಳದಲ್ಲಿ ಮಂಚ ಹಾಕಿಸಿಕೊಂಡು ಮಲಗಿಯೇ ಒಟ್ಟಿಸಿದರು. ನಾನು, ಬಸಣ್ಣ, ಮಾಲಾಬಾಯಿ ಅವರ ಕೈಗಳಾದೆವು. “ಆ ಹರವಿ ಅಲ್ಲ ಸುಮ್ನಾ, ಅದರ ಹೊಟ್ಟಿ ತೆಳ್ಳಗೈತಿ, ಬಾಜೂಕಿಂದ ಇಡು. ಹಾಂ. ಬಸ್ಯಾ, ಸಂದಿ ಬಿಡಲೇ, ಉರಿಗಿ ಉಸರ ಬ್ಯಾಡೇನ?” ಮಾಲಾಬಾಯಿ ನಡುವೆ, “ಏಕೂಣ ಕಿತೀ ಝಾಲ್ಯಾ?” ಎಂದು ಪಣತಿಗಳೆಷ್ಟಾದವು ಎಂದು ಕೇಳಿದರು. “ಎಣಸಬ್ಯಾಡ ಮಾಲಾ, ಬಿಚ್ಚುಮುಂದ ಎಣಸೂಣು,” ಎಂದರು ಅತ್ತೆ. ಕತ್ತಲಾಗುವ ಮೊದಲು ಮಣ್ಣು ಮೆತ್ತಿ ಮುಗಿಯಿತು. ಬೆಂಕಿ ಹಚ್ಚಿದ್ದನ್ನು ನೋಡಿ ನಾನು ಬಸ್ಸಿಗೆ ಹೊರಟೆ. ತಿರುಗಿ ನೋಡಿದಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಹೊಗೆ ಯಾವ ಸಂದಿನಿಂದ ಬರುತ್ತಿದೆ ಎಂದು ನೋಡುತ್ತಿದ್ದರು.

ಮರುದಿನ ಸಂಜೆ ಫೋನು ಬಂತು. ದನಿ ತೀರಾ ಸಣ್ಣದಾಗಿತ್ತು, ಆದರೆ ತುಂಟತನ ಕೇಳಿಸುತ್ತಿತ್ತು. “ಸುಮ್ನಾ, ನಾಳಿ ಆವಿಗಿ ಬಿಚ್ಚೂಣು. ನೀವಿಬ್ಬರೂ,” ಎಂದು ನಿಲ್ಲಿಸಿ, ಒಂದೊಂದೇ ಅಕ್ಷರ ನೆಟ್ಟಗೆ ಇಟ್ಟು ಹೇಳಿದರು: “ಒ-ಟ್ಟಿ-ಗೆ ಬರ್ರಿ.”

ಈರಣ್ಣನ ಪಾಳಿಯಿಂದಾಗಿ ಅಷ್ಟು ವರ್ಷಗಳಲ್ಲಿ ಆವಿಗೆಯ ದಿನ ನಾವು ಎಂದೂ ಆ ಮನೆಗೆ ಒಟ್ಟಿಗೆ ಹೋಗಿರಲಿಲ್ಲ. ಆ ದಿನ ಹೋದೆವು, ಬೆಳಗಿನ ಐದಕ್ಕೆ, ಬಸಣ್ಣನ ಫೋನು ಬಂದ ಮೇಲೆ.

ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ಸ್ವಲ್ಪ ಮುಂದಕ್ಕೆ ವಾಲಿತ್ತು. ಯಾರೋ ಹೇಳುತ್ತಿರುವುದನ್ನು ಇನ್ನೂ ಕೇಳಿಸಿಕೊಳ್ಳುತ್ತಿರುವ ಹಾಗೆ. ಬಂದವರೆಲ್ಲ ಅವರ ಮುಂದೆ ಕುಳಿತು ಏನೇನೋ ಹೇಳಿಕೊಂಡು ಅತ್ತರು.

ಆವಿಗೆಯನ್ನು ಮೂರನೆಯ ದಿನ ಬಿಚ್ಚಿದೆವು. “ವೈನಿ, ನೀವ ಬಿಚ್ಚರಿ,” ಎಂದ ಬಸಣ್ಣ. ಮಣ್ಣು ಸರಿಸಿ, ಬೂದಿ ಊದಿ, ನಾನು ಒಂದೊಂದೇ ಪಣತಿ ತೆಗೆದು ಕೊಡುತ್ತ ಹೋದೆ. ಈರಣ್ಣ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಪ್ರತಿಯೊಂದನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿ, ಹಾಗೇ ಪಕ್ಕಕ್ಕೆ ಇಡುತ್ತಿದ್ದರು. ಕೆಲವು ಸೀಳಿದ್ದವು. ಹೆಚ್ಚಿನವು ಗಟ್ಟಿಯಾಗಿದ್ದವು. ಒಳಗೆ ಇನ್ನೂ ಸ್ವಲ್ಪ ಬೆಚ್ಚಗಿತ್ತು.

ಬಸಣ್ಣ ನೀರು ತರಲು ಒಳಗೆ ಹೋದಾಗ ಈರಣ್ಣ ತಲೆಯೆತ್ತದೆ ಕೇಳಿದರು. “ಅತ್ತಿಗಿ ಏನರೆ ಗೊತ್ತಾಗಿತ್ತೇನು?”

ಅತ್ತೆ ಹೇಳಬೇಡ ಎಂದಿದ್ದರು. ಅವನು ಧೈರ್ಯವಾಗಿರಲಿ ಎಂದಿದ್ದರು. ಈಗ ಈರಣ್ಣನ ಮುಖ ನೋಡಿದರೆ, ಆ ಧೈರ್ಯದ ಅವಧಿ ಮುಗಿದುಹೋದಂತೆ ಕಂಡಿತು.

“ಒಟ್ಟ…” ಎಂದೆ.

ಅವರ ಕೈ ನಿಂತಿತು. ಅವರ ಮಾತಿನಲ್ಲಿ ಆ ಪದದ ಬೆನ್ನಿಗೆ ಬರುವುದು ಒಂದೇ. ಅವರು ಆ ‘ಇಲ್ಲ’ಕ್ಕಾಗಿ ಕಾದರು.

“ಒಟ್ಟೂ ಗೊತ್ತಿತ್ತು,” ಎಂದೆ. “ನಾನೇ ಹೇಳಿದೆ. ಆಸ್ಪತ್ರೆಯಲ್ಲಿ, ನೀವು ಔಷಧಿಗೆ ಹೋಗಿದ್ದಾಗ.”

ಅವರು ಕೈಯಲ್ಲಿದ್ದ ಪಣತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಕ್ಕದಲ್ಲಿ ಹರಡಿ ಇಟ್ಟಿದ್ದವುಗಳನ್ನೆಲ್ಲ ಹತ್ತಿರಕ್ಕೆ ಎಳೆದುಕೊಂಡು, ಅಗಲದ್ದೊಂದನ್ನು ಆರಿಸಿ ನೆಲದ ಮೇಲೆ ಬೋರಲು ಇಟ್ಟರು. ಅದರ ಮೇಲೆ ಇನ್ನೊಂದು.

“ಮೊದಲಿಂದ ಹೇಳು,” ಎಂದರು.

ನಾನು ಬೂದಿಯ ಕೈ ಸೆರಗಿಗೆ ಒರೆಸಿಕೊಂಡು ಅವರ ಎದುರು ಕುಳಿತೆ.